ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ

ಆ ಮನೆಯಲ್ಲಿ ಅತ್ತೆಯೂ ಅಳಿಯನೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದೇ ಇಲ್ಲ ಎಂದರೂ ತಪ್ಪಾಗದು. ಜಗಳವೇನೂ ಇರಲಿಲ್ಲ. ವರ್ಷಗಟ್ಟಲೆ ಒಂದೇ ಸೂರಿನ ಕೆಳಗಿದ್ದರು, ಒಬ್ಬರ ಮೇಲೊಬ್ಬರಿಗೆ ಗೌರವವೂ ಇತ್ತು. ಆದರೆ ಮಾತೆಲ್ಲ ನಡುವೆ ಇದ್ದವಳ ಮೂಲಕವೇ ಹೋಗಿ ಬರುತ್ತಿತ್ತು. “ಅವರಿಗೆ ಹೇಳೇ, ಚಹಾ ಆರ್ತಾ ಇದೆ ಅಂತ,” ಎಂದು ಅತ್ತೆ ಅಡುಗೆಮನೆಯಿಂದ ಹೇಳಿದರೆ, ನಾಲ್ಕು ಹೆಜ್ಜೆ ಆಚೆ ಕೂತ ಅಳಿಯನಿಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಹೆಂಡತಿ ಬಂದು “ಚಹಾ ಆರ್ತಾ ಇದೆಯಂತೆ” ಎನ್ನುವವರೆಗೆ ಅವನು ಏಳುತ್ತಿರಲಿಲ್ಲ. “ಸಕ್ಕರೆ ಸ್ವಲ್ಪ ಕಡಿಮೆ ಆಗಲಿ ಅಂತ ಹೇಳು,” ಎಂದು ಅವನೂ ಅವಳಿಗೇ ಹೇಳುತ್ತಿದ್ದ. “ನಾನೇನು ನಿಮ್ಮಿಬ್ಬರ ನಡುವೆ ಅಂಚೆಯವಳಾ?” ಎಂದು ಅವಳು ಗೊಣಗುತ್ತಿದ್ದಳು. ಗೊಣಗುತ್ತಲೇ ಬಟವಾಡೆ ಮಾಡುತ್ತಿದ್ದಳು.

ಆ ಅಂಚೆಯವಳೇ ಹೋಗಿಬಿಟ್ಟಳು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಕೆಲಸ ಅವಳದು. ಒಂದು ಸಂಜೆ ಮೈ ಬೆಚ್ಚಗಿದೆ ಎಂದು ಬೇಗ ಬಂದು ಮಲಗಿದಳು. ಜ್ವರ ನೆತ್ತಿಗೇರಿ ಆಸ್ಪತ್ರೆ ಸೇರಿದವಳು ತಿರುಗಿ ಮನೆಗೆ ಬರಲಿಲ್ಲ. ನೆಂಟರಿಷ್ಟರು ಬಂದರು, ಕೈ ಹಿಡಿದು ಸಮಾಧಾನ ಹೇಳಿದರು, ಬಸ್ಸು ರೈಲು ನೋಡಿಕೊಂಡು ಹೊರಟರು. ಮನೆಯಲ್ಲಿ ಉಳಿದವರು ಇಬ್ಬರೇ: ಮಗಳನ್ನು ಕಳೆದುಕೊಂಡ ತಾಯಿ, ಹೆಂಡತಿಯನ್ನು ಕಳೆದುಕೊಂಡ ಗಂಡ. ಒಬ್ಬರ ದುಃಖ ಇನ್ನೊಬ್ಬರಿಗೆ ಗೊತ್ತಿತ್ತು. ಅದನ್ನು ಹೇಳುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅತ್ತೆ ಚಹಾ ಮಾಡಿ ಮೇಜಿನ ಮೇಲಿಟ್ಟು, ಗೋಡೆಗೆ ಹೇಳುವಂತೆ “ಚಹಾ ಇಟ್ಟಿದೆ” ಎನ್ನುತ್ತಿದ್ದರು. ಅಳಿಯ ಕುಡಿದು ಲೋಟ ತೊಳೆದಿಟ್ಟು, ಬಾಗಿಲಿಗೆ ಹೇಳುವಂತೆ “ಬರ್ತೀನಿ” ಎಂದು ಹೊರಡುತ್ತಿದ್ದ.

ಅವನು ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವನನ್ನು ನ್ಯೂಟ್ರಲ್ ಅಣ್ಣ ಎಂದೇ ಕರೆಯುತ್ತಿದ್ದರು. ಯಾರ ಪಕ್ಷವನ್ನೂ ವಹಿಸುವವನಲ್ಲ, ಯಾರ ಮೇಲೂ ರೇಗುವವನಲ್ಲ, ಏನು ಕೇಳಿದರೂ “ನೋಡೋಣ” ಎನ್ನುವವನು. ಹೆಂಡತಿ ಹೋದ ಮೇಲೆ ಆ “ನೋಡೋಣ” ಕೂಡ ನಿಂತುಹೋಯಿತು. ಅವನ ಬಸ್ಸಿನ ಕಂಡಕ್ಟರ್ ಮಾತ್ರ ಇಬ್ಬರಿಗೂ ಸಾಲುವಷ್ಟು ಮಾತಾಡುತ್ತಿದ್ದ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವನಿಗೆ ಪೀಪಿ ಎಂಬ ಹೆಸರು ಬಿದ್ದಿತ್ತು. ಮದುವೆಮನೆಯಲ್ಲಾದರೂ ಸರಿ, ಸಾವಿನ ಮನೆಯಲ್ಲಾದರೂ ಸರಿ, ಅವನ ಬಾಯಿ ಸುಮ್ಮನಿರುವುದಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಪೀಪಿ ಬಾಯಿ ಬಿಡಲಿಲ್ಲ. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಹತ್ತುವವರು ಇಳಿಯುವವರು ಯಾರೂ ಇಲ್ಲದಿದ್ದರೂ ಡ್ರೈವರ್ ಬಸ್ಸು ನಿಲ್ಲಿಸುತ್ತಿದ್ದ. ಅವನ ಹೆಂಡತಿ ಲಾಂಡ್ರಿಗೆ ಹೋಗಲು ಹತ್ತುತ್ತಿದ್ದ ಜಾಗ ಅದು. “ಯಾರಿಗಪ್ಪಾ ನಿಲ್ಲಿಸಿದ್ದು?” ಎಂದು ಯಾರಾದರೂ ಗದರಿದರೆ, ಪೀಪಿ “ಇಂಜಿನ್ ಉಸಿರು ತಗೋಬೇಕು ಸ್ವಾಮಿ, ನಿಮ್ಮ ಹಾಗೇನೇ,” ಎಂದು ಹೇಳಿ, ಸ್ವಲ್ಪ ತಡೆದು, ಮೆಲ್ಲಗೆ ಸೀಟಿ ಊದುತ್ತಿದ್ದ.

ಅತ್ತೆಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಆಪರೇಷನ್ ಮಾಡಿ ಸರಿಪಡಿಸುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮನೆಯೊಳಗೆ ಓಡಾಡಲು, ಒಲೆ ಹಚ್ಚಲು, ತರಕಾರಿ ಹೆಚ್ಚಲು ಅಡ್ಡಿಯಿರಲಿಲ್ಲ. ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಅವರಿಗೋ ಪದಬಂಧದ ಹುಚ್ಚು. ಹಾಗಾಗಿ ಸಂಜೆ ಅಡುಗೆಮನೆಯಲ್ಲಿ ಮಗಳು ಒಗ್ಗರಣೆಗೆ ಇಡುತ್ತ, ಪತ್ರಿಕೆಯ ಪದಬಂಧದ ಸುಳಿವುಗಳನ್ನು ಗಟ್ಟಿಯಾಗಿ ಓದುವುದು, ತಾಯಿ ಬಾಗಿಲ ಬಳಿ ಮಣೆ ಹಾಕಿಕೊಂಡು ಉತ್ತರ ಹೇಳುವುದು ನಡೆದುಬಂದಿತ್ತು. ಆ ಗದ್ದಲ ಡ್ರೈವರಿಗೆ ಮನೆಯ ಫ್ಯಾನಿನ ಸದ್ದಿನ ಹಾಗೆ. ಇದ್ದಾಗ ಕಿವಿಗೆ ಬೀಳದು. ಈಗ ಅದು ನಿಂತ ಮೇಲೆ ಸಂಜೆಗಳು ಎಷ್ಟು ದೊಡ್ಡವು ಎಂದು ಅವನಿಗೆ ಗೊತ್ತಾಯಿತು. ಪತ್ರಿಕೆಯವನಿಗೆ ಬೇಡ ಎಂದು ಹೇಳುವುದು ಇಬ್ಬರಿಗೂ ಹೊಳೆದಿರಲಿಲ್ಲ. ಬಿಚ್ಚದ ಪತ್ರಿಕೆಗಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮೊಣಕಾಲೆತ್ತರ ಬೆಳೆದವು.

ಒಂದು ರಜೆಯ ದಿನ ಅವನು ಬೂಟಿಗೆ ಪಾಲಿಶ್ ಹಾಕಲು ಕೂತಿದ್ದ. ಅಡುಗೆಮನೆಯಿಂದ ಅತ್ತೆಯ ಗೊಣಗು ಕೇಳಿಸಿತು. “ಚಿನ್ನ. ಎಡದಿಂದ ಓದಿದರೂ ಚಿನ್ನ, ಬಲದಿಂದ ಓದಿದರೂ ಚಿನ್ನ. ಮೂರಕ್ಷರ.” ಆಮೇಲೆ “ಕನಕ,” ಎಂದು ತಾವೇ ಹೇಳಿಕೊಂಡರು. ಹಳೆಯ ಸುಳಿವು. ಮಗಳು ಯಾವತ್ತೋ ಓದಿದ್ದು. ಅತ್ತೆ ಅದನ್ನು ಮತ್ತೆ ಮತ್ತೆ ಕೇಳಿಕೊಂಡು ಮತ್ತೆ ಮತ್ತೆ ಉತ್ತರ ಹೇಳುತ್ತಿದ್ದರು.

ಡ್ರೈವರಿನ ಕೈ ಬೂಟಿನ ಮೇಲೆ ಹಾಗೇ ನಿಂತಿತು. ನೆಲಕ್ಕೆ ಹಾಸಿದ್ದ ಪತ್ರಿಕೆಯಲ್ಲಿ, ಕಪ್ಪು ಪಾಲಿಶ್ ತಾಗದ ಮೂಲೆಯಲ್ಲಿ, ಖಾಲಿ ಮನೆಗಳ ಪದಬಂಧ ಕಾಣಿಸಿತು. ಅವನು ಗಂಟಲು ಸರಿಮಾಡಿಕೊಂಡ. ಬಸ್ಸಿನ ಬೋರ್ಡು ಓದುವ ಧಾಟಿಯಲ್ಲಿ, ಯಾರನ್ನೂ ಉದ್ದೇಶಿಸದೆ ಓದಿದ: “ಎಡದಿಂದ ಬಲಕ್ಕೆ. ಒಂದು. ನಗರದ ಬಾಲ ಕತ್ತರಿಸಿದರೆ ಒಡವೆ. ಎರಡಕ್ಷರ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಎಂಥ ಕೆಲಸ ಮಾಡಿದೆ, ಅವರಿಗೆ ನೋವಾಯಿತೇನೋ ಎಂದು ಅವನು ಪತ್ರಿಕೆ ಮಡಿಚಬೇಕು, ಅಷ್ಟರಲ್ಲಿ ಉತ್ತರ ಬಂತು.

“ನಗ.”

“ಯಾಕೆ?” ಎಂದ ಡ್ರೈವರ್. ಅತ್ತೆಗೆ ಅವನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

“ನಗರದ ಬಾಲ ಅಂದ್ರೆ ಕೊನೆ ಅಕ್ಷರ. ‘ರ’ ತೆಗೆದ್ರೆ ನಗ ಉಳೀತು. ನಗ ಅಂದ್ರೆ ಒಡವೆ ಅಲ್ವಾ.”

“ಇದು ಮೋಸ,” ಎಂದ ಅವನು. ಮನಸ್ಸಿನಿಂದಲೇ ಹೇಳಿದ್ದ.

“ಮೋಸವೇ,” ಎಂದು ಅತ್ತೆ ಒಪ್ಪಿಕೊಂಡರು. “ಮುಂದಿಂದು ಓದಿ.”

ಅವನು ಜೇಬಿನಿಂದ ಪೆನ್ನು ತೆಗೆದ. ನಾಲ್ಕು ಕಾಲಿದ್ದೂ ನಿಂತಲ್ಲೇ ನಿಲ್ಲುವುದು, ಎರಡಕ್ಷರ ಎಂದಾಗ, ಅತ್ತೆ ಬಾಯಿ ತೆರೆಯುವ ಮೊದಲೇ “ಇದು ನನಗೆ ಗೊತ್ತು, ಮೇಜು!” ಎಂದು ಗಟ್ಟಿಯಾಗಿ ಒತ್ತಿ ಬರೆದುಬಿಟ್ಟ. ಮೇಲಿನಿಂದ ಕೆಳಕ್ಕೆ ಬಂದ ಪದ ಅದಕ್ಕೆ ಕೂಡಲಿಲ್ಲ. ಗೀಚಿ “ಕುರ್ಚಿ” ಎಂದು ಬರೆದ. ಅದೂ ಕೂಡಲಿಲ್ಲ. ಕೊನೆಗೆ ಅದು “ಮಂಚ” ಎಂದು ತಿಳಿಯುವ ಹೊತ್ತಿಗೆ ಕಾಗದ ತೂತಾಗಿತ್ತು.

“ಪೆನ್ನು ಯಾಕೆ ಹಿಡಿದಿರಿ?” ಎಂದರು ಅತ್ತೆ, ಗೀಚುವ ಸದ್ದು ಕೇಳಿ ಬಾಗಿಲ ಬಳಿ ಬಂದು ನಿಂತು. “ಪೆನ್ಸಿಲ್ ತಗೊಳ್ಳಿ. ಅವಳೂ ಹೀಗೇ. ಅವಸರದ ಗೊಂಬೆ. ಮೊದಲು ಬರೆಯೋದು, ಆಮೇಲೆ ಯೋಚನೆ ಮಾಡೋದು.”

ಅವಳು. ಅಷ್ಟು ದಿನ ಯಾರ ಬಾಯಿಂದಲೂ ಬಾರದ ಆ ಮಾತು ನಡುಮನೆಗೆ ಬಂತು. ಡ್ರೈವರ್ ತಲೆ ಎತ್ತಲಿಲ್ಲ. “ಗ್ಯಾಸ್ ಬುಕ್ ಮಾಡುವಾಗಲೂ ಹಾಗೇ ಮಾಡ್ತಿದ್ದಳು,” ಎಂದ ಮೆಲ್ಲಗೆ. “ಮೂರು ಸಲ ತಪ್ಪು ನಂಬರ್ ಒತ್ತೋಳು.”

“ಆ ತಪ್ಪು ನಂಬರಿನವರ ಹತ್ರ ಕ್ಷೇಮಸಮಾಚಾರ ಬೇರೆ ಕೇಳೋಳು,” ಎಂದು ಅತ್ತೆ ಸೇರಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮರುದಿನ ಸಂಜೆ ಅವನು ಕೆಲಸದಿಂದ ಬಂದಾಗ ಮೇಜಿನ ಮೇಲೆ ಚಹಾದ ಜೊತೆಗೆ ಒಂದು ಪೆನ್ಸಿಲ್ ಇತ್ತು. ಚಾಕುವಿನಿಂದ ಚೂಪು ಮಾಡಿದ್ದು. ಕಣ್ಣು ಮಂಜಾದವರು ಕೈಯಂದಾಜಿನಲ್ಲಿ ಮಾಡಿದ್ದರಿಂದ ಒಂದು ಕಡೆ ಜಾಸ್ತಿ ಸವೆದಿತ್ತು.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಗಿಹೋಯಿತು. ಅವನು ಓದುವುದು, ಅತ್ತೆ ಹೇಳುವುದು. ಅವನ ತಲೆಗೆ ಹೊಳೆಯುತ್ತಿದ್ದುದು ತೀರ ಕಡಿಮೆ. ಹತ್ತರಲ್ಲಿ ಒಂದು ಸರಿ ಹೋದರೆ ಅವತ್ತು ಊಟ ಒಂದು ತುತ್ತು ಹೆಚ್ಚು. ಬಸ್ಸಿನಲ್ಲಿ ಸಿಗ್ನಲ್ ಬಿದ್ದಾಗಲೆಲ್ಲ ಅಂಗಡಿ ಬೋರ್ಡುಗಳನ್ನು ತಿರುಗಿಸಿ ಓದುವ ಚಟ ಹತ್ತಿತು. ನಯನ ಆಪ್ಟಿಕಲ್ಸ್ ಎಂಬ ಅಂಗಡಿಯ ಮುಂದೆ “ನಯನ, ಆ ಕಡೆಯಿಂದ ಓದಿದರೂ ನಯನ!” ಎಂದು ಅವನು ಗಟ್ಟಿಯಾಗಿ ಹೇಳಿದಾಗ ಪೀಪಿ ಬೆಚ್ಚಿಬಿದ್ದ. ಎಷ್ಟೋ ಕಾಲದ ಮೇಲೆ ಡ್ರೈವರ್ ತಾನಾಗಿ ಬಾಯಿ ಬಿಟ್ಟಿದ್ದ.

ಅದೇ ವಾರ ಒಂದು ಸುಳಿವಿಗೆ ಅತ್ತೆ ಕೈಚೆಲ್ಲಿದರು. ಮನಸ್ಸಿನಲ್ಲಿ ಹುಟ್ಟುವನು, ಅಕ್ಕನ ಮನೆಯಲ್ಲಿ ಇರುವನು, ಎರಡಕ್ಷರ. “ನನಗೆ ಹೊಳೀತಾ ಇಲ್ಲ,” ಎಂದರು. “ಡಿಪೋದಲ್ಲಿ ಯಾರನ್ನಾದ್ರೂ ಕೇಳ್ಕೊಂಡು ಬನ್ನಿ.”

ಕ್ಯಾಂಟೀನಿನಲ್ಲಿ ಅವನು ಹಿಂಜರಿಯುತ್ತ ಕೇಳಿದ. ಟೈರ್ ವಿಭಾಗದ ಹಿರಿಯ “ಕಳ್ಳ” ಎಂದ. ಕ್ಯಾಂಟೀನ್ ನಡೆಸುವ ಅಕ್ಕ “ನಾಯಿ ಇರಬೇಕು, ನಮ್ಮಕ್ಕನ ಮನೇಲಿ ಇದೆ,” ಎಂದಳು. ಪೀಪಿ ಬನ್ನು ಅಗಿಯುವುದನ್ನು ನಿಲ್ಲಿಸಿ ಮೇಜು ಕುಟ್ಟಿದ. “ಭಾವ! ಮನಸ್ಸಲ್ಲಿ ಹುಟ್ಟೋದು ಭಾವ, ಅಕ್ಕನ ಗಂಡನೂ ಭಾವ. ನನಗೆ ಹೊಳೀದೆ ಇನ್ಯಾರಿಗೆ ಹೊಳೀಬೇಕು? ಬೆಳಗಾದ್ರೆ ಸಾಕು, ನನ್ನ ಹೆಂಡತಿ ತಮ್ಮ ಭಾವ ಭಾವ ಅಂತ ಬಂದು ಬೈಕ್ ಕೀಲಿ ಕೇಳ್ತಾನೆ!”

ಇಡೀ ಕ್ಯಾಂಟೀನು ನಕ್ಕಿತು. ಡ್ರೈವರೂ ನಕ್ಕ. ನಕ್ಕದ್ದು ಗಟ್ಟಿಯಾಗಿಯೇ. ಮರುಗಳಿಗೆ ತನ್ನ ನಗು ತನಗೇ ಕೇಳಿಸಿ ಮುಖ ಕಪ್ಪಿಟ್ಟಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಖಾಲಿ ಬಸ್ಸಿನಲ್ಲಿ ಕೂತ.

ಸಂಜೆ ಪತ್ರಿಕೆ ಬಿಚ್ಚಲಿಲ್ಲ. ಅತ್ತೆ ಕೇಳಿದರು: “ಉತ್ತರ ಸಿಕ್ಕಿತಾ?”

“ಸಿಕ್ಕಿತು. ಭಾವ.” ಪತ್ರಿಕೆಯನ್ನು ಆಚೆ ಸರಿಸಿ ಹೇಳಿದ: “ಇವತ್ತು ಡಿಪೋದಲ್ಲಿ ನಕ್ಕುಬಿಟ್ಟೆ ಅತ್ತೆ. ಎಲ್ಲರ ಮುಂದೆ. ಅವಳು ಹೋಗಿ ಇನ್ನೂ ವರ್ಷ ಕೂಡ ತುಂಬಿಲ್ಲ.”

ಅತ್ತೆ ಬಟಾಣಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ನಗು ಬಂದ್ರೆ ನಗಿ,” ಎಂದರು. “ನೀವು ನಕ್ಕರೆ ಅವಳ ಪಾಲಿನದ್ದೇನೂ ಕಡಿಮೆ ಆಗಲ್ಲ. ನಾನೂ ಮೊನ್ನೆ ನಕ್ಕೆ. ನೀವು ‘ಹಿಮಾಲಯ’ ಎರಡಕ್ಷರ ಅಂತ ಹಟ ಹಿಡಿದಿರಲ್ಲ, ಆವತ್ತು. ನಿಮ್ಮ ಮುಂದೆ ನಗಬಾರದು ಅಂತ ಬಚ್ಚಲಿಗೆ ಹೋಗಿ ನಕ್ಕು ಬಂದೆ.”

ಡ್ರೈವರ್ ಅವರ ಮುಖ ನೋಡಿದ. ಮಂಜುಗಣ್ಣಿನ ಆ ಮುಖದಲ್ಲಿ ತುಂಟತನವೊಂದು ಇಣುಕಿ ಹೋಯಿತು. ಅದು ಹೆಂಡತಿಯ ಮುಖದಲ್ಲಿ ಅವನು ಸಾವಿರ ಸಲ ಕಂಡದ್ದು. ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು. ಇನ್ನೂ ಒಂದು ವಿಷಯ ತಿಳಿಯಿತು.

“ಅತ್ತೆ, ‘ಭಾವ’ ನಿಮಗೆ ಗೊತ್ತಿತ್ತು ಅಲ್ವಾ?”

“ಓದ್ತಾ ಇದ್ದ ಹಾಗೇ ಗೊತ್ತಾಯ್ತು,” ಎಂದರು ಅತ್ತೆ ಬಟಾಣಿ ಬಟ್ಟಲು ಕೊಡವುತ್ತ. “ಮನೇಲಿ ನನ್ನ ಹತ್ರ ಎಷ್ಟು ಮಾತಾಡ್ತೀರಿ ನೀವು? ನಾಲ್ಕು ಜನರ ಹತ್ರ ಬಾಯಿ ಬಿಡಲಿ ಅಂತ ಕಳಿಸಿದೆ.”

ಆಮೇಲೆ ದಿನಕ್ಕೊಂದು ಸುಳಿವು ಡಿಪೋಗೆ ಹೋಗತೊಡಗಿತು. ಕ್ಯಾಂಟೀನಿನ ಅಕ್ಕ ಗೋಡೆಯ ಕಪ್ಪು ಹಲಗೆಯಲ್ಲಿ ಬಸ್ಸಿನ ವೇಳೆಯ ಕೆಳಗೆ ಅದನ್ನು ಸೀಮೆಸುಣ್ಣದಲ್ಲಿ ಬರೆಯುವಳು. ಬಂದವರು ಹೋದವರು ಬಾಯಿಗೆ ಬಂದ ಉತ್ತರ ಹೇಳುವರು. ಟೈರಿನ ಹಿರಿಯನದು ಯಾವಾಗಲೂ ತಪ್ಪೇ, ಆದರೆ ಹೇಳುವ ಗತ್ತು ನೋಡಿದರೆ ಪದಬಂಧ ಮಾಡಿದವನೇ ಹೆದರಿ ತಿದ್ದಿಕೊಳ್ಳಬೇಕು. ಆ ತಪ್ಪು ಉತ್ತರಗಳನ್ನೆಲ್ಲ ಡ್ರೈವರ್ ಜೋಪಾನವಾಗಿ ನೆನಪಿಟ್ಟುಕೊಂಡು ಬಂದು ಅತ್ತೆಗೆ ಒಪ್ಪಿಸುತ್ತಿದ್ದ. ಅತ್ತೆ ಈಗ ನಗಲು ಬಚ್ಚಲಿಗೆ ಹೋಗುತ್ತಿರಲಿಲ್ಲ. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಬಸ್ಸು ಒಂದೊಂದು ದಿನ ನಿಲ್ಲುತ್ತಿತ್ತು, ಒಂದೊಂದು ದಿನ ನಿಧಾನವಾಗಿ ಮುಂದೆ ಸಾಗುತ್ತಿತ್ತು.

ಹೀಗಿರುವಾಗ ಭಾಮೈದ ಬಂದ. ಹೆಂಡತಿಯ ತಮ್ಮ, ಬೇರೆ ಊರಿನಲ್ಲಿ ಬಟ್ಟೆ ಅಂಗಡಿಯೊಂದರ ಮ್ಯಾನೇಜರ್. ಒಳ್ಳೆಯವನು, ನಯವಾದ ಮಾತಿನವನು. ಅಕ್ಕ ತೀರಿಕೊಂಡಾಗ ಅವನ ಕಿರಿಯ ಮಗಳು ಹಸುಗೂಸು, ಆವಾಗ ತಾಯಿಯನ್ನು ಕರೆದುಕೊಂಡು ಹೋಗಲು ಆಗಿರಲಿಲ್ಲ. ಆ ಕೊರಗು ಅವನಲ್ಲಿ ಉಳಿದಿತ್ತು.

“ಭಾವ, ಅಮ್ಮನ್ನ ಕರ್ಕೊಂಡು ಹೋಗ್ತೀನಿ,” ಎಂದ ಚಹಾ ಕುಡಿಯುತ್ತ. “ಅಕ್ಕನೇ ಇಲ್ಲ ಅಂದ ಮೇಲೆ ನಿಮಗೆ ಯಾಕೆ ತೊಂದರೆ? ನೀವು ನೋಡ್ಕೊಂಡಿದ್ದೇ ಹೆಚ್ಚು. ಜನಾನೂ ಕೇಳ್ತಾರೆ, ಮಗ ಇದ್ದೂ ಅಳಿಯನ ಮನೇಲಿ ಯಾಕೆ ಬಿಟ್ಟಿದ್ದೀಯ ಅಂತ.”

ಇದೆಂಥ ತೊಂದರೆ ಎಂದು ಡ್ರೈವರಿಗೆ ಕೂಗಬೇಕೆನಿಸಿತು. ಆದರೆ ಬಾಯಿಂದ ಹೊರಟದ್ದು, “ಅವರಿಗೆ ಹೇಗೆ ಅನುಕೂಲವೋ ಹಾಗೆ.”

“ನನ್ನದೇನಿದೆ,” ಎಂದರು ಅತ್ತೆ. “ನೀವಿಬ್ಬರು ಹೇಗೆ ಹೇಳ್ತೀರೋ ಹಾಗೆ.”

ಮೂವರೂ ಮರ್ಯಾದೆಯವರು. ಮೂವರೂ ಮರ್ಯಾದೆಯಿಂದಲೇ ನಿರ್ಧಾರ ಮಾಡಿದರು. ಮರುದಿನ ಸಂಜೆಯ ರೈಲಿಗೆ ಹೊರಡುವುದೆಂದಾಯಿತು.

ಬೆಳಗ್ಗೆ ಬಸ್ಸು ಹತ್ತುವ ಮೊದಲೇ ಪೀಪಿಗೆ ವಾಸನೆ ಹತ್ತಿತು. ಮುಖ ಯಾಕೆ ಸೊಪ್ಪಾಗಿದೆ ಎಂದು ಬೆನ್ನುಬಿದ್ದು ಕೇಳಿ ಎಲ್ಲ ಹೊರಡಿಸಿದ.

“ಇರಿ ಅಂತ ಹೇಳಿದೆಯಾ?”

“ಹೇಗೆ ಹೇಳಲಿ? ಅವರ ಮಗ ಕರೀತಾ ಇದ್ದಾನೆ. ನಾನು ಯಾವ ಹಕ್ಕಲ್ಲಿ ಇಟ್ಕೊಳ್ಳಲಿ? ಅವಳಿಂದ ಬಂದ ಸಂಬಂಧ. ಅವಳೇ ಇಲ್ಲ.”

“ಅಣ್ಣಾ,” ಎಂದ ಪೀಪಿ, ಟಿಕೆಟ್ ಯಂತ್ರವನ್ನು ಕೊರಳಿಗೆ ಹಾಕಿಕೊಳ್ಳುತ್ತ. “ಹಕ್ಕಿನ ಮಾತು ಕೋರ್ಟಲ್ಲಿ ಆಡು. ಆ ತಾಯಿಗೆ ಇಲ್ಲಿರೋಕೆ ಇಷ್ಟ ಇದೆಯೋ ಇಲ್ವೋ, ಅದನ್ನ ಬಾಯಿ ಬಿಟ್ಟು ಕೇಳು. ಒಂದು ಸಲ ಗೇರ್ ಹಾಕು ಮಾರಾಯ. ಎಷ್ಟು ಕಾಲ ನ್ಯೂಟ್ರಲ್ಲಲ್ಲೇ ಇರ್ತೀಯ?”

ಆ ದಿನ ಡ್ರೈವರ್ ಬಸ್ಸು ಓಡಿಸಿದ ಉದ್ದಕ್ಕೂ ಮಾತು ಹುಡುಕಿದ. ಅತ್ತೆ, ನೀವು ಇಲ್ಲೇ ಇರಿ. ಇಷ್ಟೇ ಹೇಳಬೇಕಿದ್ದುದು. ತುಟಿಯವರೆಗೆ ಬಂದ ಮಾತು ಅಲ್ಲೇ ತಿರುಗಿ ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿ ಬಸ್ಸು ನಿಂತಾಗ, ಅವನ ತಲೆಯಲ್ಲಿ ಬೇರೇನೋ ಒಂದು ಹೊಳೆಯಿತು. ಸ್ಟಿಯರಿಂಗ್ ಮೇಲೆ ಬೆರಳಿಟ್ಟು ಅಕ್ಷರ ಎಣಿಸಿದ. ಹಿಂದಿನ ಗಾಡಿಗಳು ಹಾರ್ನ್ ಹೊಡೆದದ್ದೂ ಅವನಿಗೆ ಕೇಳಿಸಲಿಲ್ಲ.

ಮನೆಗೆ ಬಂದಾಗ ಅತ್ತೆಯ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಭಾಮೈದ ಗಡಿಯಾರ ನೋಡುತ್ತಿದ್ದ. ರೈಲಿಗೆ ಇನ್ನೂ ಹೊತ್ತಿತ್ತು.

“ಇವತ್ತಿನದು ಓದಿಬಿಡ್ತೀನಿ,” ಎಂದ ಡ್ರೈವರ್, ಪತ್ರಿಕೆ ತೆಗೆದು.

ಅತ್ತೆ ಮಣೆಯ ಮೇಲೆ ಕೂತರು. ಅವನು ಓದಿದ, ಅವರು ಹೇಳಿದರು. ಇಬ್ಬರ ದನಿಯೂ ಬೇರೆ ದಿನಗಳಿಗಿಂತ ತಗ್ಗಿತ್ತು. ಭಾಮೈದ ಬೆರಗಾಗಿ ನೋಡುತ್ತಿದ್ದ. ಭಾವ ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಕೊನೆಯ ಮನೆ ತುಂಬಿತು. ಅತ್ತೆ ಏಳಲು ಹೊರಟರು.

“ಇನ್ನೊಂದು ಇದೆ,” ಎಂದ ಡ್ರೈವರ್. ಪತ್ರಿಕೆಯನ್ನು ಅವನು ಮಡಿಚಿಟ್ಟಾಗಿತ್ತು. “ನಾಶವಾಗದ ನೆಂಟ. ಮೂರಕ್ಷರ.”

“ಯಾವ ಸಾಲು?”

“ಸಾಲು ಇಲ್ಲ.”

ಭಾಮೈದನಿಗೆ ಉತ್ಸಾಹ ಬಂತು. “ಬಂಧು? ಅಲ್ಲ, ಅದು ಎರಡೇ ಆಯ್ತು. ಸ್ನೇಹಿತ? ಅವನು ನೆಂಟ ಅಲ್ಲ. ಅಮ್ಮಾ, ನಿನಗೆ ಗೊತ್ತಾಯ್ತಾ?”

ಓದುವಷ್ಟರಲ್ಲಿ ಉತ್ತರ ಹೇಳುವ ಅತ್ತೆ ಈ ಸಲ ಅವಸರ ಮಾಡಲಿಲ್ಲ. ಮಡಿಲಲ್ಲಿದ್ದ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡಿದ್ದವು. ಆಮೇಲೆ ಹೇಳಿದರು.

“ಅಳಿಯ.”

“ಅಳಿಯನಾ? ಅದು ಹೇಗೆ?” ಎಂದ ಮಗ.

“ಅಳಿ ಅಂದ್ರೆ ನಾಶವಾಗು. ಅಳಿಯ ಅಂದ್ರೆ ನಾಶವಾಗೋನಲ್ಲ.” ಅತ್ತೆ ಅಳಿಯನ ಕಡೆ ಮುಖ ತಿರುಗಿಸಿದರು. “ಪತ್ರಿಕೆಯವರು ಮಾಡಿದ್ದಲ್ಲ ಇದು.”

“ಅಲ್ಲ,” ಎಂದ ಡ್ರೈವರ್. “ತಪ್ಪಿದೆಯಾ?”

“ತಪ್ಪೇನಿಲ್ಲ. ಸ್ವಲ್ಪ ಸುಲಭ ಆಯ್ತು.”

ಒಂದು ಮಾತು ಹೊರಟ ಮೇಲೆ ಮುಂದಿನದಕ್ಕೆ ಕಷ್ಟವಾಗಲಿಲ್ಲ. “ಅತ್ತೆ, ನೀವು ನನಗೆ ತೊಂದರೆ ಅಲ್ಲ,” ಎಂದ ಅವನು. “ನೀವು ಹೋದ್ರೆ ನನಗೆ ಈ ಮನೇಲಿ ಇರೋಕೆ ಆಗಲ್ಲ. ನಿಮಗೆ ಮಗನ ಮನೆ ಇಷ್ಟ ಅಂದ್ರೆ ನಾನೇ ಸ್ಟೇಷನ್‌ವರೆಗೆ ಚೀಲ ಹೊರ್ತೀನಿ. ಇಲ್ಲಿ ಇರೋಕೆ ಇಷ್ಟ ಅಂದ್ರೆ ಇರಿ. ಜನ ಏನಾದ್ರೂ ಅಂದ್ಕೊಳ್ಳಲಿ.”

ಭಾಮೈದ ತಾಯಿಯ ಮುಖ ನೋಡಿದ, ಭಾವನ ಮುಖ ನೋಡಿದ.

ಅತ್ತೆ ಎದ್ದು ಚೀಲದ ಬಳಿ ಹೋಗಿ ಜಿಪ್ಪು ಎಳೆದರು. ದಪ್ಪ ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. ಎರಡು ಸೀರೆ, ಬೆಳ್ಳಿ ಕುಂಕುಮದ ಭರಣಿ, ಗಂಡನ ಫೋಟೋ, ಎಲ್ಲ ಒಂದೊಂದಾಗಿ ಹೊರಬಂದವು. ಅರ್ಧ ಖಾಲಿಯಾದ ಮೇಲೆ ಜಿಪ್ಪು ಹಾಕಿ ಮಗನ ಕಡೆ ತಿರುಗಿದರು. “ಇಷ್ಟು ಸಾಕು. ನಡಿ, ಬರ್ತೀನಿ. ಮೊಮ್ಮಕ್ಕಳ ಜೊತೆ ಒಂದಷ್ಟು ದಿನ ಆಡ್ಕೊಂಡು ವಾಪಸ್ ಬರ್ತೀನಿ. ಆಮೇಲೆ ರಜೆ ಸಿಕ್ಕಾಗ ನೀವೆಲ್ಲ ಇಲ್ಲಿಗೆ ಬನ್ನಿ. ನನಗೆ ಎರಡೂ ಮನೆ ಬೇಕು ಕಣೋ.”

ಮಗನಿಗೆ ನಿಟ್ಟುಸಿರು ಬಂತು. ಬೇಸರದ್ದೋ ಹಗುರಾದದ್ದೋ, ಹೇಳುವುದು ಕಷ್ಟ. “ಆಗಲಮ್ಮ,” ಎಂದು ಅರ್ಧ ಚೀಲವನ್ನು ಎತ್ತಿಕೊಂಡ.

ಅತ್ತೆ ಹಿಂತಿರುಗಿದ್ದು ಒಂದು ಭಾನುವಾರ ಬೆಳಗ್ಗೆ. ಡ್ರೈವರ್ ಸ್ಟೇಷನ್ನಿಗೆ ಹೊರಟಾಗ ಪೀಪಿಯೂ ಕರೆಯದೆ ಬಂದ. ರೈಲಿನಿಂದ ಇಳಿದವರ ಕೈಯಲ್ಲಿ ಚೀಲ ಎರಡಾಗಿತ್ತು. ಮೊಮ್ಮಕ್ಕಳು ಬಣ್ಣದ ಕಾಗದದಲ್ಲಿ ಏನೇನೋ ಮಾಡಿ ತುಂಬಿಸಿ ಕಳಿಸಿದ್ದರು.

“ಇವನೇ ಪೀಪಿ, ಅತ್ತೆ,” ಎಂದ ಡ್ರೈವರ್.

ಅತ್ತೆ ದನಿ ಬಂದ ಕಡೆ ಮುಖ ಮಾಡಿದರು. “ನೀವೇನಾ? ‘ಭಾವ’ ಹೇಳಿದವರು?”

“ನಾನೇ ತಾಯಿ. ಈಗ ಬೈಕ್ ಕೀಲಿ ಬಚ್ಚಿಡ್ತಾ ಇದ್ದೀನಿ,” ಎಂದ ಪೀಪಿ, ಎರಡೂ ಚೀಲ ಎತ್ತಿಕೊಂಡು.

ಹೊರಗೆ ಬಿಸಿಲು ಹದವಾಗಿತ್ತು. ಆಟೋ ಹಿಡಿಯುವ ಆತುರ ಯಾರಿಗೂ ಇರಲಿಲ್ಲ. ಸ್ಟೇಷನ್ನಿನ ಎದುರಿನ ಅಂಗಡಿಯ ಬೆಂಚಿನ ಮೇಲೆ ಮೂವರೂ ಕೂತರು. ಅತ್ತೆ ಮೊಮ್ಮಗಳ ತುಂಟಾಟ ಹೇಳಲು ಶುರುಮಾಡಿದರು. ಪೀಪಿ ನಡುವೆ ಬಾಯಿ ಹಾಕಿದ, ಅವರು “ಇರಿ ಸ್ವಲ್ಪ, ಮುಗಿಸ್ತೀನಿ” ಎಂದು ಗದರಿದರು. ಡ್ರೈವರ್ ಎದ್ದು ಹೋಗಿ ಮೂರು ಚಹಾ ಹೇಳಿ ಬಂದ.